ಪೊವಿಸ್ ಕೋಟೆಯಲ್ಲಿ ನಮ್ಮೂರ ಡೇರೆ

ಕೋಟೆ ನೋಡಲು ಕಡಲು ದಾಟುವ ದರ್ದು ಶ್ರೀರಂಗಪಟ್ಟಣದ ಆಸುಪಾಸಿನವರಿಗೆ ಏನೂ ಇಲ್ಲ. ಆದರೂ ವೇಲ್ಸ್ ನಾಡಿನ ಪೊವಿಸ್ ಕೋಟೆಯನ್ನು ಒಮ್ಮೆ ನೋಡಲೇಬೇಕೆಂಬ ಹಟ ನನಗಿತ್ತು. ಟಿಪ್ಪುವಿನ ಡೇರೆ ಇರುವುದು ಅಲ್ಲಿ. ಪಟ್ಟಣದಲ್ಲಿ ಲಾಲ್ ಮಹಲಿನ ಅಡಿಪಾಯವನ್ನಷ್ಟೇ ಶಾಲಾ ಮಕ್ಕಳಿಗೆ ತೋರಿಸಿ ತೋರಿಸಿ ಸಾಕಾಗಿತ್ತು.

2023ರ ಮೇ ತಿಂಗಳ ರಜೆಯಲ್ಲಿ ಬರ್ಮಿಂಗ್‌ಹ್ಯಾಮ್‌ನ ಮಗಳ ಮನೆಗೆ ಹೋದಾಗ ಅವಕಾಶ ಒದಗಿತು. ಹೊರಟ ದಿನ ಬೆಳಗಿನಿಂದಲೇ ಮಳೆ. ನಮ್ಮ ಮುಂಗಾರಿನಂತೆ ಧೋ ಎಂದು ಸುರಿದು ಮುಗಿಸುವ ಮಳೆಯಲ್ಲ. ಜಿನುಗುತ್ತಲೇ ಇರುವ ಜಡಿ. ಶ್ರೂಸ್‌ಬರಿಯಲ್ಲಿ ರೈಲು ಬಂದ ದಿಕ್ಕಿಗೇ ತಿರುಗಿ ಹೊರಟಿತು, ಹಿಂದೆ ಹಾಸನದ ಗಾಡಿಗಳು ಅರಸೀಕೆರೆಯಲ್ಲಿ ಮಾಡುತ್ತಿದ್ದಂತೆ. 1809ರಲ್ಲಿ ಡಾರ್ವಿನ್ ಹುಟ್ಟಿದ ಊರದು. ಇಳಿದು ಕೈಮುಗಿಯುವಷ್ಟು ಹೊತ್ತು ಗಾಡಿ ನಿಲ್ಲಲಿಲ್ಲ. ಅಲ್ಲಿಂದ ಮುಂದೆ ವೇಲ್ಸ್. ಫಲಕಗಳಲ್ಲೆಲ್ಲ ಇಂಗ್ಲಿಷಿನ ಜೊತೆಗೆ ವೇಲ್ಷ್ ಭಾಷೆ. ರಸ್ತೆಯ ಮೇಲೂ 'ನಿಧಾನ' ಎನ್ನಲು 'ಅರಾವ್' ಎಂದು ಬಿಳಿ ಬಣ್ಣದಲ್ಲಿ ಬರೆದಿದ್ದರು. ಕನ್ನಡದ ಬೋರ್ಡಿಗಾಗಿ ಜಗಳವಾಡುವ ನಾಡಿನಿಂದ ಹೋದವನಿಗೆ ಹೊಟ್ಟೆಕಿಚ್ಚಾಗದೆ ಇದ್ದೀತೆ!

ವೇಲ್ಷ್‌ಪೂಲ್‌ನಲ್ಲಿ ಇಳಿದು ಛತ್ರಿ ಹಿಡಿದು ನಡೆದೆವು. ಒಂದು ಮೈಲಿಯ ಏರುದಾರಿ. ಕೋಟೆ ಕೆಂಪು ಮರಳುಗಲ್ಲಿನದು; ನೆನೆದು ಹಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. 13ನೇ ಶತಮಾನದಲ್ಲಿ ವೇಲ್ಷ್ ಅರಸನೊಬ್ಬ ಕಟ್ಟಿಸಿದ್ದು. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ 1784ರಲ್ಲಿ ಈ ಮನೆತನದ ಹೆನ್ರಿಯೆಟ್ಟಾಳನ್ನು ಮದುವೆಯಾದ. 1799ರಲ್ಲಿ ಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಇವನೇ. ಮರುವರ್ಷ ಹೆನ್ರಿಯೆಟ್ಟಾ ಇಬ್ಬರು ಹೆಣ್ಣುಮಕ್ಕಳೊಂದಿಗೆ ಶ್ರೀರಂಗಪಟ್ಟಣಕ್ಕೂ ಬಂದು ಹೋದಳು.

ಡೇರೆಯಿರುವ ಕಡೆ ಮಬ್ಬುಗತ್ತಲು. ಕಣ್ಣು ಹೊಂದಿಕೊಂಡಂತೆ ಬಿಳಿಯ ಹತ್ತಿ ಬಟ್ಟೆ, ಅದರ ಮೇಲೆ ಹೂದಾನಿ, ಅದರಿಂದ ಚಿಮ್ಮಿದ ಕೆಂಪು ಹೂಗಳು ಒಂದೊಂದಾಗಿ ಎದ್ದು ಬಂದವು. ನಮ್ಮಜ್ಜಿ ಚೀಟಿ ಬಟ್ಟೆ ಎನ್ನುತ್ತಿದ್ದರಲ್ಲ, ಅದರ ರಾಜಮನೆತನದ ರೂಪ.

"ಇಷ್ಟು ಕತ್ತಲೆ ಏಕಪ್ಪಾ?" ಎಂದಳು ಮಗಳು.

ಪಾಠ ಹೇಳುವ ಚಾಳಿ ರಜೆಯಲ್ಲೂ ಬಿಡುವುದಿಲ್ಲ. ಇಂಥ ಬಟ್ಟೆಯ ಕೆಂಪು, ಬೇರಿನಿಂದ ತೆಗೆದ ಬಣ್ಣ. ಪಟಿಕದ ನೀರಿನಲ್ಲಿ ಹದಗೊಳಿಸಿದ ಕಡೆ ಮಾತ್ರ ನೂಲಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಎಷ್ಟು ಒಗೆದರೂ ಹೋಗದು. ಆದರೆ ಬೆಳಕು ಆ ಅಣುಗಳನ್ನೇ ಒಡೆಯುತ್ತದೆ. ಒಮ್ಮೆ ಒಡೆದದ್ದು ಮತ್ತೆ ಕೂಡುವುದಿಲ್ಲ. ನೀರಿಗೆ ಅಂಜದ ಬಣ್ಣ ದೀಪಕ್ಕೆ ಅಂಜುತ್ತದೆ ಎಂದೆ. ಇಷ್ಟೆಲ್ಲ ಜೋಪಾನ ಈಗಿನದು. ಇದೇ ಡೇರೆಯನ್ನು ಒಂದು ಕಾಲಕ್ಕೆ ಈ ಮನೆಯವರು ತೋಟದ ಔತಣಗಳಿಗೆ ಚಪ್ಪರವಾಗಿ ಹಾಕುತ್ತಿದ್ದರಂತೆ. ಓದಿದ್ದ ಸಂಗತಿಯೇ. ಎದುರಿಗೆ ನಿಂತಾಗ ಮಾತ್ರ ಗಂಟಲು ಬಿಗಿಯಿತು.

ಸಿಂಹಾಸನದ ಹುಲಿಯ ತಲೆಯೂ ಅಲ್ಲಿದೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಚಿನ್ನದ ತಗಡಿಗೆ ಕೆಂಪು, ಹಸಿರು ಹರಳು, ವಜ್ರ. ಗೆದ್ದವರು ಸಿಂಹಾಸನವನ್ನು ಒಡೆದು ಹಂಚಿಕೊಂಡಾಗ ಒಂದೊಂದು ತುಂಡು ಒಂದೊಂದು ದಿಕ್ಕಿಗೆ ಹೋಯಿತು. ಅದರ ಹುಮಾ ಹಕ್ಕಿ ಇಂಗ್ಲೆಂಡಿನ ಅರಮನೆ ಸೇರಿತು.

ಹಿಂತಿರುಗುವ ಗಾಡಿಗೆ ಕಾಯುತ್ತ ನಿಲ್ದಾಣದಲ್ಲಿ ನಿಂತಿದ್ದಾಗ ಮಗಳು ಕೇಳಿದಳು: "ಅಪ್ಪಾ, ನಮ್ಮೂರಲ್ಲೇ ಇದ್ದಿದ್ದರೆ ಈ ಬಟ್ಟೆ ಇಷ್ಟು ದಿನ ಉಳಿಯುತ್ತಿತ್ತಾ?"

ಗೆದ್ದಲು, ಬೂಸರು, ನಮ್ಮ ಬಿಸಿಲು ಎಲ್ಲ ನೆನಪಾದವು. ದರಿಯಾ ದೌಲತ್‌ನ ಗೋಡೆಯ ಚಿತ್ರಗಳಿಗೂ ಆಮೇಲೆ ಮತ್ತೆ ಬಣ್ಣ ಬಳಿಸಬೇಕಾಯಿತು.

"ಉಳಿಯುತ್ತಿರಲಿಲ್ಲವೇನೋ ಪುಟ್ಟಿ," ಎಂದೆ. "ಆದರೆ ಹರಿದಿದ್ದರೂ ನಮ್ಮ ಕೈಯಲ್ಲೇ ಹರಿಯುತ್ತಿತ್ತು."

"ಇದೆಂಥ ವಾದ? ಮೇಷ್ಟ್ರು ಆಡುವ ಮಾತೇ ಇದು?" ಎಂದು ನಕ್ಕಳು. ಉತ್ತರ ಹುಡುಕುವಷ್ಟರಲ್ಲಿ ಗಾಡಿ ಬಂತು. ಒಳಗೆ ಬೆಚ್ಚಗಿತ್ತು. ಬರ್ಮಿಂಗ್‌ಹ್ಯಾಮ್ ತಲುಪುವವರೆಗೂ ನಮ್ಮ ವಾದ ಮುಗಿಯಲಿಲ್ಲ.