ಕೊಡುವ ಚಿಕ್ಕ ಕೈ

ಕೊಡುವುದು ದೊಡ್ಡವರ ಕೆಲಸ, ತೆಗೆದುಕೊಳ್ಳುವುದು ಚಿಕ್ಕವರ ಹಕ್ಕು—ನಮ್ಮ ಹಬ್ಬಗಳ ಕಟ್ಟಳೆ ಬಹುಮಟ್ಟಿಗೆ ಇದೇ. ನಾಗರಪಂಚಮಿಯಂದು ಬೆನ್ನಿಗೆ ಹಾಲು ಸವರಿದ ತಂಗಿಗೆ ಅಣ್ಣ ಉಡುಗೊರೆ ಕೊಡುತ್ತಾನೆ. ಅಣ್ಣ ಹುಡುಗನಾಗಿದ್ದರೆ ದುಡ್ಡು ಅಪ್ಪನ ಜೇಬಿನದು! ಬೆತ್ಲೆಹೇಮಿನ ಕೂಸಿಗೆ ಬಂಗಾರ, ಧೂಪ, ರಕ್ತಬೋಳ ತಂದವರೂ ಹಿರಿಯರೇ.

ಈ ಕಟ್ಟಳೆ ಮೀರಿದವರನ್ನು ನಾನು ಕಂಡದ್ದು ಭದ್ರಾವತಿಯ ಹೊಸಮನೆಯಲ್ಲಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಹಲವು ಭಾಷೆಯ, ಹಲವು ಮತದ ಜನ ಬಂದು ನೆಲೆಸಿದ ಊರು ಭದ್ರಾವತಿ. ನಮ್ಮ ನೆರೆಯಲ್ಲಿ ಮಂಗಳೂರು ಕಡೆಯ ಕ್ರೈಸ್ತರ ಮನೆ, ಮೂವರು ಮಕ್ಕಳು. ವರ್ಷವೆಲ್ಲ ಒಂದು ಪೆನ್ಸಿಲಿಗಾಗಿ ಕಾದಾಡುವವರು ಡಿಸೆಂಬರ್ ಬಂತೆಂದರೆ ಗುಟ್ಟಿನವರಾಗುತ್ತಿದ್ದರು. ಕ್ರಿಸ್‌ಮಸ್ ದಿನ ಒಬ್ಬರಿಗೊಬ್ಬರು ಏನಾದರೂ ಕೊಡಲೇಬೇಕು. ಅದಕ್ಕೆ ಅಪ್ಪ ಅಮ್ಮನನ್ನು ಕಾಸು ಕೇಳಕೂಡದು. ಅದು ಆ ಮನೆಯ ವಾಡಿಕೆ.

ಒಂದು ವರ್ಷ ತಂದೆಗೆ ಕೆಲಸವಿರಲಿಲ್ಲ. ಹೊಸ ಬಟ್ಟೆ ಬರಲಿಲ್ಲ. ನಮ್ಮ ಮನೆಗೆ ಬರುತ್ತಿದ್ದ ಕುಸ್ವಾರ್ ತಿಂಡಿಯ ತಟ್ಟೆಯೂ ಚಿಕ್ಕದಾಯಿತು. ಮಕ್ಕಳ ವಾಡಿಕೆ ಮಾತ್ರ ತಪ್ಪಲಿಲ್ಲ. ಅಕ್ಕ ತನ್ನ ರಿಬ್ಬನ್ನನ್ನು ಒಗೆದು, ಇಸ್ತ್ರಿ ಮಾಡಿ ತಂಗಿಗೆ ಕೊಟ್ಟಳು. ಹುಡುಗ ಗೆದ್ದ ಗೋಲಿಗಳಲ್ಲಿ ಚೆಲುವಾದವನ್ನು ಆರಿಸಿ ಅಕ್ಕನಿಗೂ ತಂಗಿಗೂ ಹಂಚಿದ. ಐದು ವರ್ಷದ ಪುಟ್ಟಿ ಅಣ್ಣನ ಕೈಗಿಟ್ಟದ್ದು, ಅರ್ಧ ಸವೆದ ಪೆನ್ಸಿಲು! ಹುಡುಗ ನಗಲಿಲ್ಲ. ಅದನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡೇ ಇಗರ್ಜಿಗೆ ಹೋದ.

ಇಂದು ನಾವು ಮಕ್ಕಳಿಗೆ ಏನೇನನ್ನೋ ಕೊಡಿಸುತ್ತೇವೆ. ಆದರೆ ತನ್ನದೆಂಬುದೊಂದನ್ನು ತಾನೇ ಆರಿಸಿ, ಮನಸ್ಸು ಮಾಡಿ ಬಿಟ್ಟುಕೊಡುವ ಅವಕಾಶವನ್ನು ಕೊಡುತ್ತೇವೆಯೆ? ತನ್ನಲ್ಲಿಯೂ ಕೊಡುವಂಥದು ಏನೋ ಇದೆ ಎಂದು ಒಮ್ಮೆ ಕಂಡುಕೊಂಡ ಮಗುವನ್ನು ಬಡವೆನ್ನುವುದು ಹೇಗೆ?