ಬಾಣಂತಿ ಕೋಣೆಯ ತಲೆನೋವು

ನಮ್ಮ ಅನಗವಾಡಿ ಕಡೆ ಬಾಣಂತನವೆಂದರೆ ಮೊದಲು ವಾಸನೆ. ತುಪ್ಪದಲ್ಲಿ ಅರಳುವ ಅಂಟು, ಹುರಿದ ಕೊಬ್ಬರಿ, ಉತ್ತತ್ತಿ, ಅಳವಿ ಪಾಯಸ, ಸಬ್ಬಸಗಿ ಪಲ್ಯ. ಘಟಪ್ರಭೆಯ ದಂಡೆಯ ಈ ಊರಿನಲ್ಲಿ ಮಗಳು ಹೆರಿಗೆಗೆ ತವರಿಗೆ ಬಂದಳೆಂದರೆ ಅವ್ವ ಮೊದಲೇ ಉಂಡಿಯ ಸಾಮಾನು ಕೂಡಿಸಿಡುತ್ತಾಳೆ. ಸೊಂಟ ಗಟ್ಟಿಯಾಗಬೇಕು, ಎದೆಹಾಲು ಇಳಿಯಬೇಕು. ಬಿಪಿಯ ಚಿಂತೆ ಮಾತ್ರ ಹೆರಿಗೆಯೊಂದಿಗೇ ಮುಗಿಯಿತೆಂದು ಮನೆಮಂದಿಯ ನಂಬಿಕೆ.

ತಂಗಿಗೆ ಹೆರಿಗೆಯಾದ ಐದನೇ ದಿನ ತಲೆನೋವು ಬಂತು. "ಗಾಳಿ ಹೊಕ್ಕೈತಿ, ಕಿವಿ ಬಿಗಿಯಾಗಿ ಕಟ್ಕೋ" ಎಂದಳು ಅವ್ವ. ಕಟ್ಟಿದ್ದಾಯಿತು, ಕೆಂಡದ ಕಾವು ಕೊಟ್ಟದ್ದಾಯಿತು. ಸಂಜೆ ಕಣ್ಣು ಮಂಜಾದಾಗ ಆಸ್ಪತ್ರೆಗೆ ಹೋದೆವು. ಬಿಪಿ 160/110. ಬಸುರಿಯಾಗಿದ್ದಾಗ ಒಮ್ಮೆಯೂ ಏರಿರಲಿಲ್ಲ.

ಬಸುರಿನಲ್ಲಿ ಮೈಯಲ್ಲಿ ಸೇರಿಕೊಂಡ ನೀರು ಹೆರಿಗೆಯ ನಂತರ ರಕ್ತಕ್ಕೆ ಮರಳುತ್ತದೆ. ಹಾಗಾಗಿ ಬಿಪಿ ಹೆಚ್ಚಾಗಿ ಮೂರರಿಂದ ಆರನೇ ದಿನದೊಳಗೆ ಏರುತ್ತದೆ. ಆರು ವಾರದವರೆಗೂ ಅಪಾಯವಿದೆ. 140/90 ದಾಟಿದರೆ ವೈದ್ಯರಿಗೆ ತೋರಿಸಬೇಕು. 160/110 ಮುಟ್ಟಿದರೆ ತಡಮಾಡುವಂತಿಲ್ಲ: ಫಿಟ್ಸ್ ಬರಬಹುದು, ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಉಸಿರು ಕಟ್ಟುವುದು ಇದರ ಗುರುತುಗಳು. ಇವು ಗಾಳಿಯಿಂದ ಬಂದವಲ್ಲ.

ಮನೆಗೆ ಬಂದ ಮೇಲೆ ಅವ್ವ ಕೇಳಿದ್ದು ಒಂದೇ: "ಉಂಡಿ ಬಿಡಬೇಕೇನು?" ಬಿಡಬೇಕಿರಲಿಲ್ಲ, ದಿನಕ್ಕೆ ಒಂದು ಸಾಕಿತ್ತು. ಮೆಂತ್ಯ, ಸಬ್ಬಸಗಿ, ಹೆಸರುಬೇಳೆ, ಜೋಳದ ರೊಟ್ಟಿ ಎಲ್ಲವೂ ಉಳಿದವು. ತಟ್ಟೆಯಿಂದ ಎದ್ದುಹೋದದ್ದು ಉಪ್ಪು ಅಡಗಿದ್ದ ಬಳ್ಳೊಳ್ಳಿ ಖಾರ, ಸಂಡಿಗೆ, ಹಪ್ಪಳ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ ಉಪ್ಪು ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಗುಳಿಗೆಯ ವಿಷಯದಲ್ಲಿ ಅವ್ವ ಬೇಗ ಒಪ್ಪಲಿಲ್ಲ. "ಹಾಲಿನ್ಯಾಗ ಇಳೀತೈತಿ, ಪಥ್ಯದಾಗ ಇಳಸೂಣು." ಆದರೆ ಏರಿದ ಬಿಪಿಯನ್ನು ಪಥ್ಯವೊಂದೇ ಇಳಿಸದು. ಹಾಲು ಕುಡಿಸುವ ತಾಯಿಗೆ ಕೊಡಬಹುದಾದ ನಿಫೆಡಿಪಿನ್‌ನಂಥ ಔಷಧಗಳಿವೆ. ಅವನ್ನು ನಿಲ್ಲಿಸುವುದು ವೈದ್ಯರ ಕೆಲಸ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಕೂಸನ್ನು ತೂಗುತ್ತಾಳೆ, ಜ್ವರ ನೋಡುತ್ತಾಳೆ. ಬಿಪಿ ಏರುವ ದಿನಗಳು ಬಹುಪಾಲು ಮೊದಲೆರಡು ಭೇಟಿಗಳ ನಡುವೆಯೇ ಬರುತ್ತವೆ. ಆ ದಿನಗಳಲ್ಲಿ ತಾಯಿಯ ತೋಳಿಗೂ ಒಮ್ಮೆ ಪಟ್ಟಿ ಸುತ್ತಬೇಕು. ಬಾಣಂತನ ಎಂದರೆ ಕಾಯುವುದು. ಕಾಯುವವರಿಗೆ ಏನನ್ನು ನೋಡಬೇಕೆಂದು ತಿಳಿದಿರಬೇಕು.