ಎಸ್.ಪಿ. ರಸ್ತೆಯ ತಂತಿ ಪಾಠ

ಬೆಂಗಳೂರಿನ ಪುರಭವನದಿಂದ ಕೊಂಚ ದೂರ ನಡೆದರೆ ಎಸ್.ಪಿ. ರಸ್ತೆ ಸಿಗುತ್ತದೆ. ಹೆಸರಿಗೆ ರಸ್ತೆ, ನೋಡಿದರೆ ಇಕ್ಕಟ್ಟಿನ ಬೀದಿ. ಒಂದಕ್ಕೊಂದು ಅಂಟಿಕೊಂಡ ಅಂಗಡಿಗಳಲ್ಲಿ ರೆಸಿಸ್ಟರು, ಕೆಪಾಸಿಟರು, ಟ್ರಾನ್ಸ್‌ಫಾರ್ಮರುಗಳ ರಾಶಿ. ಪ್ರಾಜೆಕ್ಟಿನ ಕಾಲ ಬಂತೆಂದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಭೌತಶಾಸ್ತ್ರದ ಪಠ್ಯಪುಸ್ತಕವೇ ಬೀದಿಗೆ ಬಂದು ಕುಳಿತಂತೆ!

ಸ್ಪೀಕರಿಗೆ ತಂತಿ ಕೊಳ್ಳುವವರೂ ಇಲ್ಲಿಗೆ ಬರುತ್ತಾರೆ. ಕೆಲವು ಹೈ-ಫೈ ಸ್ಪೀಕರುಗಳ ಹಿಂಬದಿಯಲ್ಲಿ ಎರಡರ ಬದಲು ನಾಲ್ಕು ತಿರುಪುಗಳಿರುತ್ತವೆ. ಎರಡು ವೂಫರಿಗೆ, ಅಂದರೆ ತಗ್ಗು ಸ್ವರಕ್ಕೆ. ಇನ್ನೆರಡು ಟ್ವೀಟರಿಗೆ, ಅಂದರೆ ಎತ್ತರದ ಸ್ವರಕ್ಕೆ. ಇವನ್ನು ಕೂಡಿಸುವ ಲೋಹದ ಪಟ್ಟಿಗಳನ್ನು ತೆಗೆದು, ಒಂದೇ ಆಂಪ್ಲಿಫೈಯರಿನಿಂದ ಎರಡು ಜೋಡಿ ತಂತಿ ಎಳೆಯುವುದೇ ಬೈ-ವೈರಿಂಗ್. ಆಗ ಮೃದಂಗದ ಭಾರವಾದ ನಾದ ಪಿಟೀಲಿನ ನಾದವನ್ನು ಕೆಡಿಸುವುದಿಲ್ಲ ಎಂಬುದು ಅದನ್ನು ಮೆಚ್ಚುವವರ ವಾದ. ತಂತಿಯ ಖರ್ಚು ಮಾತ್ರ ಇಮ್ಮಡಿ. ಕೊಟ್ಟ ಹಣಕ್ಕೆ ಫಲವಿದೆಯೇ? ಉತ್ತರವೂ ಇದೇ ಬೀದಿಯಲ್ಲಿದೆ.

ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ 90 ಮೀಟರಿನ ಸುರುಳಿಯಾಗಿ ಬರುತ್ತದೆ. ಅದರ ಎರಡು ತುದಿಗೆ ಮಲ್ಟಿಮೀಟರ್ ಹಿಡಿದರೆ ರೋಧ ಸುಮಾರು 1 ಓಮ್. (ಮೊದಲು ಮೀಟರಿನ ಕಡ್ಡಿಗಳನ್ನು ಪರಸ್ಪರ ತಾಗಿಸಿ, ಆಗ ಕಾಣುವ ಅಂಕಿಯನ್ನು ಕಳೆಯಬೇಕು.) ಸ್ಪೀಕರು 3 ಮೀಟರ್ ದೂರದಲ್ಲಿದ್ದರೆ ಹೋಗಿಬರಲು 6 ಮೀಟರ್ ತಂತಿ ಬೇಕು, ಸುರುಳಿಯ ಹದಿನೈದರಲ್ಲಿ ಒಂದು ಪಾಲು. ಅದರ ರೋಧ ಸುಮಾರು 0.07 ಓಮ್. ಸ್ಪೀಕರಿನದು 8 ಓಮ್ ಎನ್ನಿ. ತಂತಿಯಲ್ಲಿ ನಷ್ಟವಾಗುವ ವೋಲ್ಟೇಜು ನೂರರಲ್ಲಿ ಒಂದು ಪಾಲೂ ಅಲ್ಲ; 0.1 ಡೆಸಿಬೆಲ್‌ಗಿಂತಲೂ ಕಡಿಮೆ.

ಇನ್ನು ಸ್ವರಗಳು ಒಂದನ್ನೊಂದು ಕೆಡಿಸುವ ಮಾತು. ಕೆರೆಗೆ ಎರಡು ಕಲ್ಲು ಎಸೆಯಿರಿ. ಅಲೆಗಳ ಉಂಗುರಗಳು ಒಂದನ್ನೊಂದು ಹಾದು ತಮ್ಮ ಪಾಡಿಗೆ ಮುಂದೆ ಸಾಗುತ್ತವೆ. ತಂತಿಯಲ್ಲಿಯೂ ಹಾಗೆಯೇ. ಸ್ವರಗಳನ್ನು ಬೇರ್ಪಡಿಸುವ ಕೆಲಸ ಸ್ಪೀಕರಿನೊಳಗಿನ ಕ್ರಾಸ್‌ಓವರ್ ಮಂಡಲದ್ದು, ತಂತಿಯದಲ್ಲ. ವೂಫರ್ ಅಲುಗುವಾಗ ತಾನೇ ಹುಟ್ಟಿಸುವ ವೋಲ್ಟೇಜಿನಿಂದ ಅತಿ ಸಣ್ಣ ವ್ಯತ್ಯಾಸ ಆಗಬಹುದು, ನಿಜ. ಆದರೆ ಅದು ಸೂಕ್ಷ್ಮ ಉಪಕರಣಕ್ಕೆ ಸಿಕ್ಕೀತು, ಕಿವಿಗೆ ಸಿಗುವುದು ಕಷ್ಟ.

ಹಾಗೆಂದು ಯಾವ ತಂತಿಯಾದರೂ ಸರಿಯೆಂದಲ್ಲ. 0.5 ಚದರ ಮಿಲಿಮೀಟರಿನ ತೆಳು ತಂತಿಯನ್ನು ಹಜಾರದ ಉದ್ದಕ್ಕೆ 20 ಮೀಟರ್ ಎಳೆದರೆ ಹೋಗಿಬರುವ ರೋಧ ಸುಮಾರು 1.4 ಓಮ್. ಆಗ 8 ಓಮ್ ಸ್ಪೀಕರಿಗೆ ತಲುಪುವ ಶಕ್ತಿಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಖೋತಾ! ಇದಕ್ಕೆ ಮದ್ದು ದಪ್ಪ ತಂತಿ. ಎರಡು ಜೋಡಿ ಈಗಾಗಲೇ ಕೊಂಡಿದ್ದರೆ ಲೋಹದ ಪಟ್ಟಿಗಳನ್ನು ಬಿಚ್ಚದೆ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ಸಮಾನಾಂತರವಾಗಿ ಜೋಡಿಸಿದರೆ ರೋಧ ಅರ್ಧಕ್ಕಿಳಿಯುತ್ತದೆ.

‘ವ್ಯತ್ಯಾಸ ಕೇಳಿಸಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಹಣ ಕೊಟ್ಟ ಮೇಲೆ ಕಿವಿಗಿಂತ ಮನಸ್ಸು ಮುಂದೆ ಓಡುತ್ತದೆ, ಅಷ್ಟೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕಿವಿಗೂ ಸಲ್ಲುತ್ತದೆ. ಪರೀಕ್ಷೆ ಸುಲಭ. ಕೇಳುವವರನ್ನು ಸ್ಪೀಕರಿನ ಹಿಂಬದಿ ಕಾಣದಂತೆ ಕೂರಿಸಿ, ಇನ್ನೊಬ್ಬರು ನಾಣ್ಯ ಚಿಮ್ಮಿ ಜೋಡಣೆ ನಿರ್ಧರಿಸಲಿ. ಪ್ರತಿ ಸಲವೂ ತಂತಿ ಬಿಚ್ಚಿ ಕಟ್ಟಲಿ, ಆಗ ಆಂಪ್ಲಿಫೈಯರ್ ಆಫ್ ಆಗಿರಲಿ. ಹತ್ತು ಸಲದಲ್ಲಿ ಒಂಬತ್ತು ಅಥವಾ ಹತ್ತು ಉತ್ತರ ಬರಿಯ ಊಹೆಯಿಂದ ಸರಿಯಾಗುವ ಸಂಭವ 1024ಕ್ಕೆ 11 ಮಾತ್ರ. ಅಷ್ಟು ಸರಿಯಾಗಿ ಗುರುತಿಸಿದರೆ ಇಮ್ಮಡಿ ತಂತಿ ಧಾರಾಳವಾಗಿ ಕೊಳ್ಳಬಹುದು.

ಇಲ್ಲವಾದರೆ ಒಂದು ಜೋಡಿಯ ಹಣ ಉಳಿಯಿತು. ಅದರಲ್ಲಿ ಮಗನಿಗೋ ಮಗಳಿಗೋ ಸಾಧಾರಣ ಮಲ್ಟಿಮೀಟರ್ ಒಂದನ್ನು ಇದೇ ಎಸ್.ಪಿ. ರಸ್ತೆಯಲ್ಲಿ ಕೊಡಿಸಬಹುದು. ಮುಂದಿನ ಸಲ ಅಂಗಡಿಯವರು ಹೇಳಿದ್ದನ್ನು ಅಳೆದು ನೋಡಲು ಮನೆಯಲ್ಲೇ ಒಬ್ಬರು ಸಿದ್ಧರಿರುತ್ತಾರೆ.